ಬಲಗಡೆಯ ಅಳತೆ

ಅವರನ್ನು ಎಲ್ಲರೂ ನೂಲಣ್ಣ ಎಂದೇ ಕರೆಯುತ್ತಿದ್ದರು. ಕಾರುಗಳಿಗೆ ಟೈರು, ಚಕ್ರ ಹಾಕಿಕೊಡುವ ಅಂಗಡಿ ಅವರದು, ಇಪ್ಪತ್ತಾರು ವರ್ಷದ್ದು. ಹೊಸ ಚಕ್ರ ಹಾಕುವ ಮುಂಚೆ ಮಡ್‌ಗಾರ್ಡಿನ ಅಂಚಿನಿಂದ ಒಂದು ದಾರ ಇಳಿಬಿಟ್ಟು, ತುದಿಗೊಂದು ನಟ್ಟು ಕಟ್ಟಿ, ದಾರಕ್ಕೂ ಟೈರಿಗೂ ನಡುವೆ ಎಷ್ಟು ಜಾಗವಿದೆ ಎಂದು ಸ್ಕೇಲು ಹಿಡಿದು ನೋಡುವುದು ಅವರ ಕ್ರಮ. ಹೆಸರು ಬಂದದ್ದು ಅದರಿಂದಲೇ.

ಮೊದಲಿನಿಂದಲೂ ಅಂಜುಬುರುಕ ಮನುಷ್ಯ. ಬಾಗಿಲಿಗೆ ಬೀಗ ಹಾಕಿ ಹತ್ತು ಹೆಜ್ಜೆ ಹೋದವರು ತಿರುಗಿ ಬಂದು ಜಗ್ಗಿ ನೋಡುತ್ತಿದ್ದರು. ಬಿಗಿದ ನಟ್ಟನ್ನು ಮತ್ತೊಮ್ಮೆ ಮುಟ್ಟದೆ ಗಾಡಿ ಬಿಟ್ಟುಕೊಡುತ್ತಿರಲಿಲ್ಲ. ಈ ಮನುಷ್ಯ ಸೀನುವುದಕ್ಕೆ ಮುಂಚೆ ಎದುರಿನ ಗೋಡೆ ಎಷ್ಟು ದೂರ ಅಂತ ಅಳೆದುಕೊಳ್ಳುತ್ತಾನೆ ಎಂದು ಪಕ್ಕದ ವೆಲ್ಡಿಂಗ್ ಅಂಗಡಿಯವನು ನಗುತ್ತಿದ್ದ. ನೂಲಣ್ಣನೂ ನಗುತ್ತಿದ್ದರು. ಆದರೆ ಅವರ ಕೈಯಿಂದ ಹೋದ ಚಕ್ರ ಉಜ್ಜುತ್ತದೆ, ಅಲ್ಲಾಡುತ್ತದೆ ಎಂದು ಒಬ್ಬರೂ ವಾಪಸು ಬಂದಿರಲಿಲ್ಲ. ಆ ಅಂಜಿಕೆಯೇ ತಮ್ಮನ್ನು ಕಾಪಾಡಿದೆ ಎಂದು ಅವರು ನಂಬಿದ್ದರು, ಹೇಳುತ್ತಲೂ ಇದ್ದರು.

ಅವರಿಗೆ ಒಬ್ಬಳೇ ಮಗಳು. ಅಳಿಯನಿಗೆ ಕನ್ನಡಕದ ಅಂಗಡಿ. ಮೆತ್ತಗಿನ ಮಾತಿನ ಹುಡುಗ. ಮಾವನ ಎದುರು ಕುರ್ಚಿಯ ತುದಿಯಲ್ಲಿ ಕೂರುವವನು. ಮಾವನೂ ಹಾಗೆಯೇ, ಮದುವೆಯಾಗಿ ಆರು ವರ್ಷವಾದರೂ ಇಬ್ಬರ ನಡುವೆ ಕುಶಲ ವಿಚಾರಣೆಯ ಆಚೆಗೆ ಮಾತು ಬೆಳೆದಿರಲಿಲ್ಲ. ಹೀಗಿರುವಾಗ ಅಳಿಯ ಒಂದು ಹಳೆಯ ಕಾರು ಕೊಂಡ. ಹಿಂದಿನ ಮಾಲೀಕ ಗಿಡ್ಡ ಸ್ಪ್ರಿಂಗ್ ಹಾಕಿಸಿ ಅದನ್ನು ನಾಲ್ಕೂವರೆ ಸೆಂಟಿಮೀಟರ್ ತಗ್ಗಿಸಿದ್ದ. ಗಾಡಿ ನೆಲಕ್ಕೆ ಅವಚಿಕೊಂಡು ಚೆನ್ನಾಗಿಯೇ ಕಾಣುತ್ತಿತ್ತು, ಆದರೆ ಚಕ್ರಗಳು ಹಳೆಯವೇ, ಹದಿನೈದು ಇಂಚಿನವು. ಅಪ್ಪನ ಷರಟಿನೊಳಗೆ ಹೊಕ್ಕ ಮಗುವಿನ ಕೈಗಳಂತೆ ಅವು ಒಳಗೆಲ್ಲೋ ಇದ್ದವು. ದೊಡ್ಡ ಚಕ್ರ ಹಾಕಿಸಬೇಕು ಎಂಬ ಆಸೆ ಅಳಿಯನಿಗೆ ಹತ್ತಿತು. ಮೊದಲ ಬಾರಿಗೆ ಅವನು ಮಾವನಿಗೆ ತಾನಾಗಿಯೇ ಫೋನ್ ಮಾಡಿದ.

ನೂಲಣ್ಣನಿಗೆ ಹಿಗ್ಗೋ ಹಿಗ್ಗು. ಮೂರು ವಾರ ದಿನಾ ಸಂಜೆ ಅದೇ ಮಾತು. ಅಳಿಯನಿಗೆ ಹದಿನೆಂಟು ಇಂಚಿನದು, ಎಂಟು ಇಂಚು ಅಗಲದ್ದು, ಆಫ್‌ಸೆಟ್ ಮೂವತ್ತರದ್ದು ಬೇಕಾಗಿತ್ತು. ಮಾವ ಒಂದು ತಟ್ಟೆಯನ್ನು ನೆಟ್ಟಗೆ ನಿಲ್ಲಿಸಿ ಅವನಿಗೆ ವಿವರಿಸಿದರು. ಚಕ್ರವನ್ನು ಗಾಡಿಗೆ ಬಿಗಿಯುವ ಮುಖ ಅದರ ಅಗಲದ ನಟ್ಟನಡುವಿನಿಂದ ಎಷ್ಟು ಸರಿದಿದೆ ಎಂಬ ಅಂಕಿಯೇ ಆಫ್‌ಸೆಟ್; ಆ ಅಂಕಿ ಇಳಿದಷ್ಟೂ ಚಕ್ರ ಹೊರಗೆ ಬರುತ್ತದೆ. ನೀವು ಹೇಳುವ ಚಕ್ರ ಹಾಕಿದರೆ ಈಗಿರುವುದಕ್ಕಿಂತ ನಲವತ್ತು ಮಿಲಿಮೀಟರ್ ಆಚೆಗೆ ಬರುತ್ತದೆ, ತಗ್ಗಿಸಿದ ಗಾಡಿ ಹಳ್ಳಕ್ಕಿಳಿದಾಗ ಮಡ್‌ಗಾರ್ಡಿನ ಅಂಚು ಟೈರಿನ ಮೇಲೆ ಕತ್ತಿಯ ಹಾಗೆ ಕೂರುತ್ತದೆ ಎಂದರು. ಕೊನೆಗೆ ಹದಿನೇಳು ಇಂಚು, ಏಳೂವರೆ ಅಗಲ, ಆಫ್‌ಸೆಟ್ ಮೂವತ್ತೆಂಟು ಎಂದು ಒಪ್ಪಂದವಾಯಿತು. ಆಗ ಚಕ್ರ ಹೊರಗೆ ಬರುವುದು ಇಪ್ಪತ್ತಾರು ಮಿಲಿಮೀಟರ್.

ಅಳತೆ ಹಿಡಿದ ದಿನ ಅಂಗಡಿಯಲ್ಲಿ ಜಾಗ ಇರಲಿಲ್ಲ. ಗಾಡಿಯ ಬಲಬದಿ ಗೋಡೆಗೆ ಒತ್ತಿಕೊಂಡು ನಿಂತಿತ್ತು. ಎಡಗಡೆ ಹಿಂದಿನ ಚಕ್ರದ ಹತ್ತಿರ ದಾರ ಬಿಟ್ಟು ನೋಡಿದಾಗ ಮೂವತ್ತೆರಡು ಮಿಲಿಮೀಟರ್ ಜಾಗ ಸಿಕ್ಕಿತು. ಇಪ್ಪತ್ತಾರು ಕಳೆದರೆ ಇನ್ನೂ ಆರು ಉಳಿಯುತ್ತದೆ. ಗಾಡಿಯನ್ನು ಈಚೆ ಎಳೆದು ಬಲಗಡೆಯೂ ನೋಡೋಣ ಎಂದು ಅವರು ಎದ್ದರು. ಅಳಿಯ ನಗುತ್ತಾ ಅಂದ:

"ಎಡ ಬಲ ಎರಡೂ ಒಂದೇ ಅಲ್ವಾ ಮಾವ? ನನ್ನ ಅಂಗಡಿಗೆ ಬರೋ ಕಣ್ಣುಗಳಾದ್ರೆ ಬೇರೆ ಮಾತು."

ಬೇರೆ ಯಾರಾದರೂ ಹಾಗೆಂದಿದ್ದರೆ ನೂಲಣ್ಣ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. ಆದರೆ ಆರು ವರ್ಷಕ್ಕೆ ಅಳಿಯ ತಮ್ಮೊಡನೆ ತಮಾಷೆ ಮಾಡಿದ್ದು ಅದೇ ಮೊದಲು. ಅವರೂ ನಕ್ಕರು. ದಾರ ಸುತ್ತಿ ಜೇಬಿಗಿಟ್ಟುಕೊಂಡರು.

ಚಕ್ರಗಳು ಬಂದವು. ಒಂದು ಶನಿವಾರ ಬೆಳಿಗ್ಗೆ ಅವನ್ನು ಹಾಕಿಸಿಕೊಂಡು, ಅಂಗಡಿಯಿಂದಲೇ ಎಲ್ಲರೂ ಗುಡ್ಡದ ಮೇಲಿನ ಊರಿಗೆ ಮೂರು ದಿನದ ಮಟ್ಟಿಗೆ ಹೊರಟರು. ಮುಂದೆ ಅಳಿಯ, ಮಗಳು. ಹಿಂದೆ ನಾಲ್ಕು ವರ್ಷದ ಮೊಮ್ಮಗಳು, ಅಳಿಯನ ತಾಯಿ. ಡಿಕ್ಕಿಯ ತುಂಬ ಸಾಮಾನು. ಹೊರಡುವ ಗಡಿಬಿಡಿ, ಕೂಸಿನ ಟೋಪಿ ಎಲ್ಲಿ ಎಂಬ ಹುಡುಕಾಟ. ಆವತ್ತೂ ಗಾಡಿಯ ಬಲಬದಿ ಗೋಡೆಯ ಕಡೆಗೇ ಇತ್ತು; ಸಂದಿಯಲ್ಲಿ ತೂರಿ ನಟ್ಟು ಬಿಗಿದದ್ದಷ್ಟೇ ಆಯಿತು. ಕಾರು ತಿರುವಿನಲ್ಲಿ ಮರೆಯಾಗುವವರೆಗೆ ನೂಲಣ್ಣ ನೋಡುತ್ತಾ ನಿಂತರು. ಎಷ್ಟು ಚೆಂದ ಕೂತಿದೆ ಎಂದು ಹೆಂಡತಿಗೆ ಹೇಳಿದರು.

ಹತ್ತೂವರೆಗೆ ಅಳತೆಯ ಪುಸ್ತಕ ತೆಗೆದರು. ಹಾಕಿದ ಪ್ರತಿ ಗಾಡಿಗೂ ಎಡ, ಬಲ ಎಂದು ಎರಡು ಸಾಲು ಬರೆದಿಡುವುದು ಅಭ್ಯಾಸ. ಎಡದ ಸಾಲು ತುಂಬಿತು. ಬಲದ ಸಾಲಿಗೆ ಪೆನ್ನು ಹೋಯಿತು, ನಿಂತಿತು. ಬರೆಯಲು ಅಂಕಿಯೇ ಇಲ್ಲ.

ಪೆನ್ನು ಕೆಳಗಿಟ್ಟರು. ತಿಳಿಯದ ವಿಷಯವೇನಲ್ಲ. ಆ ಜಾತಿಯ ಗಾಡಿಯಲ್ಲಿ ಹಿಂದಿನ ಆಕ್ಸಲು ಅಡ್ಡಕ್ಕೆ ಜರುಗದಂತೆ ಹಿಡಿದಿರುವುದು ಒಂದೇ ಒಂದು ಓರೆ ಸಲಾಕೆ; ಅದರ ಒಂದು ತುದಿ ಬಾಡಿಗೆ, ಇನ್ನೊಂದು ಆಕ್ಸಲಿಗೆ. ಗಾಡಿ ತಗ್ಗಿಸಿದರೆ ಸಲಾಕೆ ಮಲಗುತ್ತದೆ, ಮಲಗಿದಷ್ಟೂ ಆಕ್ಸಲನ್ನು ಒಂದು ಬದಿಗೆ ನೂಕುತ್ತದೆ. ಎಡಗಡೆ ಅಷ್ಟು ಧಾರಾಳವಾಗಿ ಜಾಗ ಸಿಕ್ಕಿತೆಂದರೆ ಬಲಗಡೆ ಅಷ್ಟೇ ಕಡಿಮೆ ಇರಬೇಕು. ಮಗು ಕೂತಿರುವುದು ಎಡಕ್ಕೋ ಬಲಕ್ಕೋ ಎಂದು ನೆನಪಿಸಿಕೊಳ್ಳಲು ಹೋದರು. ನೆನಪಾಗಲಿಲ್ಲ.

ಮಗಳಿಗೆ ಫೋನ್ ಮಾಡಿದರು. ಸಿಗಲಿಲ್ಲ. ಅಳಿಯನಿಗೆ ಮಾಡಿದರು. ಗುಡ್ಡದ ರಸ್ತೆ ಹತ್ತಿದ ಮೇಲೆ ಅಲ್ಲಿ ಸಿಗ್ನಲ್ ಇರುವುದಿಲ್ಲ. ಐದು ಸಲ, ಹತ್ತು ಸಲ. ಎದ್ದರು, ಕೂತರು, ಅಂಗಡಿಯ ಬಾಗಿಲವರೆಗೆ ಹೋಗಿ ಬಂದರು. ಹೆಂಡತಿ ಕೇಳಿದಾಗ ಎಲ್ಲವನ್ನೂ ಹೇಳಿದರು. ಆಕೆ ಬೈಯಲಿಲ್ಲ. ಸೆರಗು ಸಿಕ್ಕಿಸಿಕೊಂಡು ಎದ್ದು ನಿಂತರು.

"ಇಲ್ಲಿ ಕೂತು ಉಗುರು ಕಚ್ಚಿದ್ರೆ ಏನಾಗುತ್ತೆ? ಹಳೇ ಚಕ್ರ ಇಲ್ಲೇ ಇದೆಯಲ್ಲ, ಪಿಕಪ್ಪಿಗೆ ಹಾಕ್ರಿ. ನಾನೂ ಬರ್ತೀನಿ."

ಹನ್ನೊಂದು ಗಂಟೆಗೆ ಹೊರಟರು. ನೂಲಣ್ಣ ಯಾವತ್ತೂ ಜೋರಾಗಿ ಓಡಿಸಿದವರಲ್ಲ, ಆವತ್ತೂ ಓಡಿಸಲಾಗಲಿಲ್ಲ. ರಸ್ತೆ ಬದಿಯಲ್ಲಿ ಗಾಡಿ ನಿಂತದ್ದು ಕಂಡರೆ ಸಾಕು, ಬ್ರೇಕಿನ ಮೇಲೆ ಕಾಲಿಡುತ್ತಿದ್ದರು. ಹತ್ತಿರ ಹೋದರೆ ಬೇರೆ ಯಾರದೋ. ಎದುರಿನಿಂದ ಆಂಬುಲೆನ್ಸ್ ಒಂದು ಬಂತು. ಸೈರನ್ ಇರಲಿಲ್ಲ, ಖಾಲಿಯೂ ಇರಬಹುದು. ಇಬ್ಬರೂ ಅದನ್ನು ನೋಡಿದರು. ಹೆಂಡತಿ ಫೋನನ್ನು ಕೈಯಲ್ಲೇ ಹಿಡಿದು ಒತ್ತುತ್ತಲೇ ಇದ್ದರು.

ಗುಡ್ಡದ ಬುಡದ ಪೆಟ್ರೋಲ್ ಬಂಕಿನಲ್ಲಿ ನಿಲ್ಲಿಸಿ ವಿಚಾರಿಸಿದರು. ಪೆಟ್ರೋಲ್ ಹಾಕುವವನಿಗೆ ಗಾಡಿಯ ನೆನಪಿತ್ತು. ನೆಲಕ್ಕೆ ತಾಗುವ ಹಾಗಿತ್ತಲ್ಲ, ಅದೇ ತಾನೇ ಎಂದ. ಒಂದು ಗಂಟೆಯಾಯಿತು ಹೋಗಿ. ಹೊರಗೆ ಹೋಗುವಾಗ ಆ ಹಂಪು ಹಾರಿತಲ್ಲ, ಆಗ ಕರ್ರ್ ಅಂತ ಶಬ್ದ ಬಂತು, ಕೂಗಿದೆ, ಕೇಳಿಸಲಿಲ್ಲ ಅವರಿಗೆ ಎಂದ. ಮುಂದಿರುವುದು ಹದಿನಾಲ್ಕು ತಿರುವು. ಪ್ರತಿ ಎಡ ತಿರುವಿನಲ್ಲೂ ಗಾಡಿಯ ಭಾರವೆಲ್ಲ ಬಲಗಡೆಗೆ ಬೀಳುತ್ತದೆ.

ಐದನೆಯ ತಿರುವಿನ ಆಚೆ, ಕಲ್ಲಿನ ಕಟ್ಟೆಯ ಪಕ್ಕ, ಕಾರು ನಿಂತಿತ್ತು. ಕಟ್ಟೆಯ ಮೇಲೆ ಬೀಗಿತ್ತಿ ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು ನೆಟ್ಟಗೆ ಕೂತಿದ್ದರು. ಮೊಮ್ಮಗಳು ಅವರ ಪಕ್ಕದಲ್ಲಿ ಬಿಸ್ಕತ್ತು ತಿನ್ನುತ್ತಿದ್ದಳು. ನೂಲಣ್ಣನ ಹೆಂಡತಿ ಪಿಕಪ್ಪು ನಿಲ್ಲುವ ಮುಂಚೆಯೇ ಬಾಗಿಲು ತೆಗೆದರು. ನೂಲಣ್ಣ ಮಾತ್ರ ಕೂತಲ್ಲೇ ಎಲ್ಲರನ್ನೂ ಎಣಿಸಿ ಆ ಮೇಲೆ ಇಳಿದರು.

ನಡೆದದ್ದು ಇಷ್ಟು. ಬಲಗಡೆ ಕೂತಿದ್ದ ಬೀಗಿತ್ತಿಗೆ ತಮ್ಮ ಸೀಟಿನ ಕೆಳಗೆ ಏನೋ ಕೆರೆದ ಹಾಗೆ ಕೇಳಿಸಿತ್ತು. ಮಗನಿಗೆ ಹೇಳಿದರು. ಹೊಸ ಟೈರಮ್ಮ, ಶಬ್ದ ಇರುತ್ತೆ ಅಂದ. ಮತ್ತೆ ಹೇಳಿದರು. ಸೊಸೆ ಹಾಡು ನಿಲ್ಲಿಸಿ ಕಿವಿಗೊಟ್ಟಳು, ಅವಳಿಗೆ ಕೇಳಿಸಲಿಲ್ಲ. ಮೂರನೆಯ ಸಲ ಆಕೆ ಗಾಡಿ ನಿಲ್ಲಿಸು ಎಂದು ಹಟ ಹಿಡಿದು, ಮಗುವನ್ನು ಎತ್ತಿಕೊಂಡು ಇಳಿದು, ಇದು ಸರಿಯಾಗುವ ತನಕ ನಾನು ಹತ್ತುವುದಿಲ್ಲ ಎಂದು ಕಟ್ಟೆ ಹಿಡಿದಿದ್ದರು. ಅವರು ಕೂತು ಮುಕ್ಕಾಲು ಗಂಟೆಯಾಗಿತ್ತು. ಅಳಿಯ ಕೆಳಗೆ ಬಗ್ಗಿ ನೋಡಿದ್ದ. ಆ ಮೇಲೆ ಅವನೂ ಹತ್ತು ಎನ್ನಲಿಲ್ಲ.

ನೂಲಣ್ಣ ಬಲಗಡೆಯ ಹಿಂದಿನ ಚಕ್ರದ ಹತ್ತಿರ ಮಂಡಿಯೂರಿ ನೋಡಿದರು. ಟೈರಿನ ಹೊರ ಭುಜದ ಸುತ್ತ ಎರಡು ಬೆರಳು ಅಗಲಕ್ಕೆ ರಬ್ಬರು ಸೀಳಿ, ಒಳಗಿನ ನೂಲಿನ ಪದರ ಬೆಳ್ಳಗೆ ಕಾಣುತ್ತಿತ್ತು. ಇನ್ನು ನಾಲ್ಕು ತಿರುವಿಗೆ ತಡೆಯುತ್ತಿತ್ತೋ ಇಲ್ಲವೋ. ದಾರ ಇಳಿಬಿಟ್ಟರು. ಟೈರು ಅಂಚಿನಿಂದ ಮೂರು ಮಿಲಿಮೀಟರ್ ಹೊರಗಿತ್ತು. ಎದ್ದು ಬೀಗಿತ್ತಿಯ ಮುಂದೆ ನಿಂತರು.

"ತಪ್ಪು ನಂದು. ಬಲಗಡೆ ನಾನು ಅಳತೇನೇ ಹಿಡೀಲಿಲ್ಲ."

ಅಳಿಯ ತಲೆ ತಗ್ಗಿಸಿ, ಒಂದೇ ಅಲ್ವಾ ಎಂದು ಹೇಳಿದ್ದು ತಾನು ಎಂದ. ಮಗಳು ಅಪ್ಪನ ತೋಳು ಹಿಡಿದುಕೊಂಡಳು. ಬೀಗಿತ್ತಿಯದು ಮೊದಲಿನಿಂದಲೂ ಕಡಿಮೆ ಮಾತು. ನೂಲಣ್ಣನಿಗೆ ಆಕೆಯೆಂದರೆ ಒಂದು ಅಳುಕೇ ಇತ್ತು.

"ಅವನು ಅಂದದ್ದು ಅಂದ. ಚಕ್ರದ ಕೆಲಸ ನಿಮ್ದು ಬೀಗರೇ," ಎಂದರು. ಆ ಮೇಲೆ, "ಇವತ್ತೇ ಬಂದ್ರಲ್ಲ, ಅಷ್ಟು ಸಾಕು. ಮಾಡಿ."

ಹಳೆಯ ಚಕ್ರಗಳನ್ನು ಹಾಕುವಾಗ ನೂಲಣ್ಣನ ಕೈಯಿಂದ ನಟ್ಟು ಎರಡು ಸಲ ಕೆಳಗೆ ಬಿತ್ತು. ಅಳಿಯ ಪಾನಾ ತೆಗೆದುಕೊಂಡು ತಾನೇ ಬಿಗಿದ. ಮಾವ ಒಂದೊಂದನ್ನೂ ಎಣಿಸಿದರು. ಎಲ್ಲ ಮುಗಿದ ಮೇಲೆ ಅಳಿಯ ಯಾರಿಗೂ ಕೇಳಿಸದ ಹಾಗೆ ಹೇಳಿದ, ಅಂಗಡಿ ಇಟ್ಟ ಮೊದಲ ವರ್ಷ ಒಬ್ಬ ಬಸ್ ಡ್ರೈವರನಿಗೆ ಎಡಗಣ್ಣಿನ ಗಾಜನ್ನು ಬಲಗಣ್ಣಿಗೆ ಹಾಕಿಕೊಟ್ಟಿದ್ದೆ, ಆತ ಎರಡು ದಿನ ಹಾಗೇ ಬಸ್ ಓಡಿಸಿದ, ಮನೆಯಲ್ಲಿ ಇವತ್ತಿಗೂ ಯಾರಿಗೂ ಗೊತ್ತಿಲ್ಲ ಎಂದು. ನೂಲಣ್ಣ ಅವನ ಬೆನ್ನ ಮೇಲೆ ಕೈ ಇಟ್ಟರು. ಕೈಯ ಕರಿ ಷರಟಿಗೆ ಮೆತ್ತಿತು.

ಅವರು ಗುಡ್ಡ ಹತ್ತಿದರು. ಇವರು ಇಳಿದರು. ಮುಂದಿನ ತಿಂಗಳು ನೂಲಣ್ಣ ಆ ಓರೆ ಸಲಾಕೆಯ ಬದಲು ಉದ್ದ ಹೊಂದಿಸಬಲ್ಲ ಇನ್ನೊಂದನ್ನು ತರಿಸಿ ಆಕ್ಸಲನ್ನು ನಡುವಿಗೆ ತಂದರು. ಚಕ್ರಗಳನ್ನೂ ಬದಲಿಸಿದರು: ಏಳು ಇಂಚು ಅಗಲ, ಆಫ್‌ಸೆಟ್ ನಲವತ್ತೆರಡು. ಗಾಡಿಗೆ ನಾಲ್ಕು ಜನರನ್ನು ಕೂರಿಸಿ, ಡಿಕ್ಕಿಗೆ ಮರಳಿನ ಚೀಲ ಹೇರಿ, ಎರಡೂ ಬದಿ ನೋಡಿದರು. ಅಳಿಯ ಪಕ್ಕದಲ್ಲಿ ನಿಂತು ಅಂಕಿಗಳನ್ನು ಬರೆದುಕೊಂಡ. ಅಷ್ಟಕ್ಕೂ ಮನಸ್ಸು ನಿಲ್ಲದೆ, ಹಿಂದೆ ತಾವು ಚಕ್ರ ಹಾಕಿದ್ದ ತಗ್ಗಿಸಿದ ಗಾಡಿಗಳನ್ನೆಲ್ಲ ಹುಡುಕಿ ಫೋನ್ ಮಾಡಿ ಕರೆಸಿದರು. ಹನ್ನೊಂದು ಬಂದವು. ಹನ್ನೊಂದೂ ಸರಿ ಇದ್ದವು. ಆದರೂ ಅವರಿಗೆ ಮೊದಲಿನ ಧೈರ್ಯ ಬರಲಿಲ್ಲ. ಅಂಜಿಕೆ ಮನುಷ್ಯನನ್ನು ಕಾಯುತ್ತದೆ ಎಂದು ಅವರು ಮತ್ತೆ ಯಾರಿಗೂ ಹೇಳಲಿಲ್ಲ.

ಈಗ ಮಗಳ ಮನೆಯವರು ಎಲ್ಲಿಗಾದರೂ ಹೊರಟರೆ ಹಿಂದಿನ ಸಂಜೆ ಬೀಗಿತ್ತಿಯ ಫೋನ್ ಬರುತ್ತದೆ. ಆಕೆಯ ಮಾತು ಒಂದೇ.

"ಬೀಗರೇ, ಒಂದ್ಸಲ ಬಂದು ನೋಡಿ ಹೋಗಿ."

ನೂಲಣ್ಣ ಊಟದ ಮಧ್ಯದಲ್ಲಿದ್ದರೂ ಕೈ ತೊಳೆದು ಹೊರಡುತ್ತಾರೆ.