ನಾನು ಕಟ್ಟದ ಲಚ್ಚಾ

ನಮ್ಮಲ್ಲಿ ಮದುಮಗಳ ಕೊರಳಿಗೆ ಕರಿಮಣಿಯ ಲಚ್ಚಾ ಕಟ್ಟುವುದು ಗಂಡಿನ ಅಕ್ಕತಂಗಿಯರ ಹಕ್ಕು. ನನಗಿರುವವನು ಒಬ್ಬನೇ ತಮ್ಮ. ಅವನ ಹೆಂಡತಿಗೆ ನಾನು ಅದನ್ನು ಕಟ್ಟಲಿಲ್ಲ.

ತಮ್ಮ ಶಿವಮೊಗ್ಗದಲ್ಲಿ ಅಕ್ಕಿ ಗಿರಣಿಯ ಯಂತ್ರ ಜೋಡಿಸುವ ಫಿಟ್ಟರ್ ಆಗಿದ್ದ. ಯಂತ್ರ ಕೂರಿಸಲು ದಕ್ಷಿಣ ಅಮೆರಿಕದ ಸುರಿನಾಮ್ ದೇಶಕ್ಕೆ ಹೋದವನು ಅಲ್ಲೇ ನಿಂತು, ಅಲ್ಲಿಯ ಹುಡುಗಿಯನ್ನೇ ನಿಕಾಹ್ ಮಾಡಿಕೊಂಡ. ಶಾಸ್ತ್ರ ಮಾತ್ರ ನಮ್ಮ ಮನೆಯಲ್ಲಾಗಲಿ ಎಂದು ಅವಳನ್ನು ಭದ್ರಾವತಿಗೆ ಕರೆತಂದ. ಅವಳ ಅಜ್ಜಿಯ ಅಜ್ಜಿಯನ್ನು ಕಬ್ಬು ಕಡಿಯಲು ಕಲ್ಕತ್ತೆಯಿಂದ ಹಡಗಿನಲ್ಲಿ ಒಯ್ದಿದ್ದರಂತೆ. ಅವಳಾಡುವ ಹಳೇ ಹಿಂದೂಸ್ತಾನಿ ನಮ್ಮ ದಖನಿ ಉರ್ದುವಿಗೆ ಅರ್ಧಂಬರ್ಧ ಹೊಂದುತ್ತಿತ್ತು. ಬಂದ ದಿನವೇ ಅಡುಗೆಮನೆಯಲ್ಲಿ ನನ್ನ ಪಕ್ಕ ಕೂತು ಬೆಳ್ಳುಳ್ಳಿ ಸುಲಿದಳು. ನನಗೆ ಅವಳು ಇಷ್ಟವಾಗಿದ್ದಳು. ಇಷ್ಟವಾಗಿದ್ದೂ ಹಾಗೆ ಮಾಡಿದೆ.

ಶಾಸ್ತ್ರದ ದಿನ ಶಿವಮೊಗ್ಗದಿಂದ ಅಪ್ಪನ ಅಕ್ಕ, ದೊಡ್ಡ ಫುಪ್ಪು ಬಂದರು. ನನ್ನ ಮಗಳನ್ನು ಅವರ ಮೊಮ್ಮಗನಿಗೆ ತರುವ ಮಾತು ಆಗ ನಡೆದಿತ್ತು.

"ನಿಮ್ದು ಯಾವ ಖಾಂದಾನಮ್ಮಾ?" ಎಂದು ಫುಪ್ಪು ಮದುಮಗಳನ್ನು ಕೇಳಿದರು.

"ಜಹಾಜಿ," ಎಂದಳು ಅವಳು. "ಒಂದೇ ಹಡಗಲ್ಲಿ ಬಂದೋರು ಒಂದೇ ಮನೆಯೋರು. ಅವರ ಮಕ್ಕಳು ತಮ್ಮತಮ್ಮಲ್ಲೇ ಮದುವೆ ಆಗ್ತಿರ್ಲಿಲ್ಲ, ಅಣ್ಣತಂಗಿ ಅಂತ. ಆಮೇಲೆ ನಮ್ಮ ಒಬ್ಬ ಅಜ್ಜಿ ಜಾವಾದವಳು."

"ಹಡಗಿಗೂ ಖಾಂದಾನ್ ಬಂತಾ? ಹಂಗಾದ್ರೆ ಇವತ್ತು ತರೀಕೆರೆ ಬಸ್ಸಲ್ಲಿ ಬಂದ ನಾನು ಆ ಬಸ್ಸಿನ ಖಾಂದಾನ್ ಬಿಡು."

ಹೆಂಗಸರೆಲ್ಲ ನಕ್ಕರು. ಏನೆಂದು ತಿಳಿಯದೆ ಅವಳೂ ನಕ್ಕಳು. ಫುಪ್ಪು ನನ್ನ ಕಡೆ ತಿರುಗಿದರು. "ಹುಟ್ಟು ಬುಡ ಗೊತ್ತಿಲ್ಲದೋಳಿಗೆ ಲಚ್ಚಾ ಕಟ್ತೀಯಾ? ಕಟ್ಟು ಬೇಟಾ. ಆಮೇಲೆ ನಮ್ಮನೆ ಸಂಬಂಧ ಕೇಳ್ಕೊಂಡು ಬರ್ಬೇಡ."

"ಆಪಾ, ನೀನು ಕಟ್ಟು," ಎಂದ ತಮ್ಮ.

ಅವಳು ಆಗಲೇ ಜಡೆ ಎತ್ತಿ ಹಿಡಿದು ಕತ್ತು ಬಗ್ಗಿಸಿದ್ದಳು. "ಆಮೇಲೆ ನೋಡೋಣ," ಎಂದು ನಾನು ಲಚ್ಚಾ ಇಟ್ಟಿದ್ದ ತಟ್ಟೆ ಎತ್ತಿಕೊಂಡು ಒಳಗೆ ಹೋದೆ. ಬಹಳ ಹೊತ್ತು ಅವಳು ಜಡೆ ಬಿಡಲೇ ಇಲ್ಲವಂತೆ. ಮರುದಿನವೇ ಇಬ್ಬರೂ ಹೊರಟರು.

ನಮ್ಮಜ್ಜ, ಅಂದರೆ ಫುಪ್ಪುವಿನ ಅಪ್ಪ, ವೆಲ್ಲೂರಿನ ಕಡೆಯಿಂದ ಬಟ್ಟೆಗಂಟು ಹೊತ್ತು ಇಲ್ಲಿಯ ಕಬ್ಬಿಣದ ಕಾರ್ಖಾನೆಗೆ ಕೂಲಿಗೆ ಬಂದವನು. ಅವನ ಅಪ್ಪನ ಹೆಸರು ನಮ್ಮಲ್ಲಿ ಒಬ್ಬರಿಗೂ ಗೊತ್ತಿಲ್ಲ. ಫುಪ್ಪು ಹುಟ್ಟಿದ್ದು ಕೂಲಿಗಳ ಲೈನ್ ಮನೆಯಲ್ಲಿ. ಯಾವ ಬಾಯಿಂದ ಖಾಂದಾನ್ ಕೇಳಿದರು ಆಕೆ? ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟ ನನಗೂ ಇಷ್ಟು ಗೊತ್ತಿತ್ತು. ಗೊತ್ತಿದ್ದೂ ಬಾಯಿ ಮುಚ್ಚಿಕೊಂಡಿದ್ದ ನನ್ನ ಮೇಲೆ ನನಗೆ ಬರುವ ಸಿಟ್ಟು ಫುಪ್ಪುವಿನ ಮೇಲೂ ಬರುವುದಿಲ್ಲ.

ಈಚೆಗೆ ಫೋನಿನಲ್ಲಿ ತಮ್ಮನ ಹೆಂಡತಿಗೆ ಹೇಳಿದೆ: "ಈ ಸಲ ಬಾ. ಲಚ್ಚಾ ಕಟ್ತೀನಿ."

"ನಮ್ಮ ದೇಶದಲ್ಲಿ ಅದನ್ನ ಯಾರೂ ಹಾಕ್ಕೊಳಲ್ಲ ಆಪಾ," ಎಂದಳು ಮೆತ್ತಗೆ. "ಅವತ್ತು ನಿಮಗೋಸ್ಕರ ಕೂತಿದ್ದೆ."

ಬೈದಿದ್ದರೆ ಕ್ಷಮೆಯನ್ನಾದರೂ ಕೇಳುತ್ತಿದ್ದೆ.

ಮೊನ್ನೆ ಫುಪ್ಪುವಿನ ಮೊಮ್ಮಗನಿಗೆ ಬೇರೆ ಕಡೆ ಹೆಣ್ಣು ಗೊತ್ತಾಯಿತು. "ನಿನ್ನ ಬೀರೂನಲ್ಲಿ ಆ ಲಚ್ಚಾ ಸುಮ್ನೆ ಬಿದ್ದಿದೆಯಲ್ಲ, ಕೊಡು," ಎಂದು ಫುಪ್ಪುವೇ ಫೋನ್ ಮಾಡಿದರು.

"ಅದು ಇನ್ನೊಬ್ಬಳದು," ಎಂದೆ.

"ಅವಳೆಲ್ಲಿ ಹಾಕ್ಕೊಂಡ್ಳು?"

"ಹಾಕ್ಕೊಳ್ದಿದ್ರೂ ಅವಳದೇ," ಎಂದು ಫೋನ್ ಇಟ್ಟೆ. ಈ ಮಾತನ್ನು ಆವತ್ತೇ, ಅವಳೆದುರಿಗೇ ಆಡಬೇಕಿತ್ತು.