ಮಾಡದ ಪ್ರಾರ್ಥನೆಗೆ ಬಂದ ಸೀರೆ

ನನ್ನ ಯಜಮಾನರು ಚಳ್ಳಕೆರೆಯಲ್ಲಿ ಮಿಷನ್ನಿನ ಉಪದೇಶಿಗಳಾಗಿದ್ದರು. ಬೆಳಿಗ್ಗೆ ಮಕ್ಕಳಿಗೆ ಪಾಠ ಹೇಳುವುದು, ಸಂಜೆ ಸುತ್ತಲಿನ ಹಳ್ಳಿಗಳಿಗೆ ಹೋಗಿ ಸುವಾರ್ತೆ ಸಾರುವುದು, ಭಾನುವಾರ ನಮ್ಮ ಮನೆ ಮುಂದಿನ ಚಪ್ಪರದಡಿ ನಾಲ್ಕಾರು ಕುಟುಂಬಗಳಿಗೆ ಆರಾಧನೆ ನಡೆಸುವುದು ಅವರ ಕೆಲಸ. ಮದುವೆಯಾದ ಹೊಸದರಲ್ಲಿ ಅವರು ಕತ್ತಲು ಹರಿಯುವ ಮೊದಲೇ ಎದ್ದು, ಗೋಡೆಗೆ ಮುಖ ಮಾಡಿ ಮೊಣಕಾಲೂರಿ ಕೂರುತ್ತಿದ್ದರು. ನಾನೂ ಸೆರಗು ಹೊದ್ದು ಪಕ್ಕದಲ್ಲಿ ಕೂರುತ್ತಿದ್ದೆ. ಆ ದಿನ ದೇವರು ಯಾರನ್ನು ನಮ್ಮ ಬಾಗಿಲಿಗೆ ಕಳಿಸಿದರೂ ನಮ್ಮನ್ನು ಸಿದ್ಧವಾಗಿಡಲಿ ಎಂದು ಬೇಡಿಕೊಂಡ ಮೇಲೆಯೇ ಒಲೆ ಹಚ್ಚುವುದು.

ಆ ರೂಢಿ ತಪ್ಪಿದ್ದು ಯಾವ ದುಃಖದಿಂದಲೂ ಅಲ್ಲ. ಅಂಥದ್ದೇನಾದರೂ ಆಗಿದ್ದರೆ ಹೇಳಿಕೊಳ್ಳಲು ಒಂದು ನೆಪವಾದರೂ ಸಿಗುತ್ತಿತ್ತು. ಶಾಲೆಗೆ ಮಕ್ಕಳು ಹೆಚ್ಚಿದರು, ತಿರುಗಾಟ ಹೆಚ್ಚಿತು, ಸುಸ್ತಾಗಿ ಬಂದವರು ಬೆಳಿಗ್ಗೆ ಮಗ್ಗುಲು ಬದಲಿಸಿ ಮಲಗಿದರು. ನಾಳೆ ಎದ್ದರಾಯಿತು ಎಂದು ನಾನೂ ಕಂಬಳಿ ಎಳೆದುಕೊಂಡೆ. ಬೋಧನೆ ಮಾತ್ರ ನಿಲ್ಲಲಿಲ್ಲ. ಹಳೆಯ ಮಾತುಗಳೆಲ್ಲ ಅವರಿಗೆ ಬಾಯಿಪಾಠವಾಗಿದ್ದವು. ಕೇಳಿದವರು ತಲೆದೂಗುತ್ತಿದ್ದರು. ಒಳಗೆ ಏನೋ ಬತ್ತುತ್ತಿರುವುದು ನನಗೆ ಕಾಣುತ್ತಿತ್ತು. ಕೇಳಿದರೆ ಅವರಿಗೆ ನೋವಾದೀತು, ನನಗೂ ಬೆಳಗಿನ ನಿದ್ದೆ ತಪ್ಪೀತು. ಸುಮ್ಮನಿದ್ದೆ.

ತಿಂಗಳಿಗೊಮ್ಮೆ ಅವರು ಎತ್ತಿನ ಗಾಡಿಯಲ್ಲಿ ಮೊಳಕಾಲ್ಮೂರಿಗೆ ಹೋಗುತ್ತಿದ್ದರು. ಒಮ್ಮೆ ಅಲ್ಲಿನ ಹೆಂಗಸರ ಜತೆ ಮಾತಾಡಲೆಂದು ನನ್ನನ್ನೂ ಕರೆದುಕೊಂಡು ಹೋದರು. ಊರು ಸೇರಿ ಗಾಡಿ ಇಳಿಯುತ್ತಿದ್ದಂತೆ ನೇಕಾರರ ಬೀದಿಯ ಒಬ್ಬ ಮುದುಕಿ ಓಡಿಬಂದಳು. ಅವಳ ಮಗ ಉಪದೇಶ ಕೇಳಲು ಎಂದೂ ತಪ್ಪದೆ ಬಂದು ನಿಲ್ಲುತ್ತಿದ್ದವನು. ಈಗ ವಿಷಮಜ್ವರ ಬಂದು ಮೈಮೇಲೆ ಎಚ್ಚರವಿಲ್ಲದೆ ಮಲಗಿದ್ದನಂತೆ.

"ಅಯ್ಯಗಾರೂ, ನಮ್ಮ ದೇವ್ರಿಗೆಲ್ಲ ಹರಕೆ ಹೊತ್ತಾಯ್ತು. ನಿಮ್ಮ ಹೆಸ್ರು ಬಡಬಡಿಸ್ತಾ ಅವ್ನೆ. ಬಂದು ನಿಮ್ಮ ಸ್ವಾಮಿಗೆ ಒಂದು ಮಾತು ಹೇಳ್ರಿ," ಎಂದಳು.

ನಾವು ಹೋದೆವು. ಮಗ್ಗದ ಪಕ್ಕದಲ್ಲೇ ಚಾಪೆ ಹಾಸಿ ಅವನನ್ನು ಮಲಗಿಸಿದ್ದರು. ನಮ್ಮವರು ಅವನ ಕೈ ಹಿಡಿದು ಕಣ್ಣು ಮುಚ್ಚಿ ಕುಳಿತರು. ನಾನು ಹೆಂಗಸರ ಜತೆ ಬಾಗಿಲ ಬಳಿ ನಿಂತು ನೋಡುತ್ತಿದ್ದೆ. ಅವರ ತುಟಿ ಅಲುಗುತ್ತಿತ್ತು, ಹಣೆಯಲ್ಲಿ ಬೆವರು ಒಡೆದಿತ್ತು. ಎಷ್ಟೋ ಹೊತ್ತಿನ ಮೇಲೆ "ಆಮೆನ್" ಎಂದು ಎದ್ದರು. ಮುದುಕಿ ಅವರ ಕಾಲು ಹಿಡಿಯಹೋದಳು. ಅವರು ಬೆಂಕಿ ತಾಕಿದವರಂತೆ ಹಿಂದೆ ಸರಿದರು. ನಾನು ಅದನ್ನು ವಿನಯ ಎಂದುಕೊಂಡೆ.

ಅವನು ಬದುಕಿಕೊಂಡ. ಎದ್ದು ಓಡಾಡುವಂತಾದ ಮೇಲೆ ತಾಯಿಯನ್ನು ಕರೆದುಕೊಂಡು ಚಳ್ಳಕೆರೆಗೇ ಬಂದ. ಕೈಯಲ್ಲೊಂದು ಸೀರೆ. ಮೈಯೆಲ್ಲ ಹತ್ತಿ, ಅಂಚು ಸೆರಗು ಮಾತ್ರ ರೇಷ್ಮೆ.

"ಬ್ಯಾರೆಯವರಿಗೆ ನೇಯ್ದು ಉಳಿದ ರೇಷ್ಮೇಲಿ ನೇಯ್ದೀನಿ, ತಾಯಿ. ಅಯ್ಯನೋರು ಪ್ರಾರ್ಥನೆ ಮಾಡಿದ್ದಕ್ಕೆ ನಾನು ಉಳಕಂಡೆ. ನಮ್ಮ ಬೀದೀಲಿ ಎಲ್ಲರಿಗೂ ಹೇಳೀನಿ," ಎಂದ.

ಮುಂದಿನ ಭಾನುವಾರ ನಾನು ಅದನ್ನೇ ಉಟ್ಟು ಚಪ್ಪರದಡಿ ಕುಳಿತೆ. ಹೆಂಗಸರು ಸೆರಗು ಮುಟ್ಟಿ ಮುಟ್ಟಿ ನೋಡಿದರು. ನನಗೆ ಹೆಮ್ಮೆಯೇ ಹೆಮ್ಮೆ. ನಮ್ಮವರು ಮಾತ್ರ ಅಂದು ನನ್ನತ್ತ ನೋಡಲೇ ಇಲ್ಲ. ಕೀರ್ತನೆಯ ನಡುವೆ ಸಾಲು ಮರೆತರು. ಎಲ್ಲರೂ ಹೋದ ಮೇಲೆ, "ಅದನ್ನ ಬಿಚ್ಚಿಡು," ಎಂದರು.

"ಯಾಕ್ರೀ? ಚೆನ್ನಾಗಿಲ್ವಾ?"

"ನಾನು ಅವತ್ತು ಪ್ರಾರ್ಥನೆ ಮಾಡ್ಲಿಲ್ಲ."

ನನಗೆ ಅರ್ಥವಾಗಲಿಲ್ಲ. ಅವರು ನೆಲ ನೋಡುತ್ತಾ ಹೇಳಿದರು: "ಕಣ್ಣು ಮುಚ್ಚಿದೆ. ಒಂದು ಮಾತೂ ಬರ್ಲಿಲ್ಲ. ದೇವರ ಹತ್ರ ಮಾತಾಡಿ ಎಷ್ಟು ಕಾಲ ಆಗಿತ್ತು ಅಂತ ನೆನಪಾಯ್ತು. ನಾಚಿಕೆ ಆಗಿ, ಸುಮ್ನೆ ತುಟಿ ಆಡಿಸ್ತಾ ಕೂತಿದ್ದೆ. ಎಲ್ಲಾರೂ ನೋಡ್ತಿದ್ರಲ್ಲ."

ನನಗೆ ಅವರ ಮೇಲೆ ಸಿಟ್ಟು ಬರಲಿಲ್ಲ. ಅವರ ನಾಲಿಗೆ ಒಣಗಲು ಬಿಟ್ಟವಳು ನಾನಲ್ಲವೇ? ಪಕ್ಕದಲ್ಲಿ ಮಲಗಿದ್ದು ಎಲ್ಲವನ್ನೂ ಕಂಡು, ಬೆಚ್ಚಗೆ ಕಂಬಳಿ ಹೊದ್ದವಳು. ಮೈಮೇಲಿನ ಸೀರೆ ಭಾರವಾಯಿತು. ಒಳಗೆ ಹೋಗಿ ಬದಲಿಸಿ, ಮಡಿಸಿ ತಂದು ಅವರ ಮುಂದಿಟ್ಟೆ.

"ವಾಪಸ್ ಕೊಟ್ಟು ಹೇಳಿ ಬರೋಣ," ಎಂದರು.

"ಹೇಳಿದ್ರೆ ಅವನ ನಂಬಿಕೆ ಏನಾಗುತ್ತೆ?" ಎಂದೆ. ಹಾಗೆ ಕೇಳಿದ್ದು ಅವನ ಮೇಲಿನ ಕರುಣೆಯಿಂದಲೋ, ನಮ್ಮ ಮಾನದ ಚಿಂತೆಯಿಂದಲೋ, ನನಗೇ ಗೊತ್ತಿರಲಿಲ್ಲ.

"ನನ್ನ ಸುಳ್ಳಿನ ಮೇಲೆ ನಿಂತ ನಂಬಿಕೆ ಅದು," ಎಂದರು.

ಮತ್ತೆ ಗಾಡಿ ಕಟ್ಟಿಸಿ ಹೋದೆವು. ನೇಕಾರ ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೆಲಸ ಮಾಡುತ್ತಿದ್ದ. ನಗುತ್ತಾ ಎದ್ದು ಬಂದ. ನಮ್ಮವರು ನಿಂತಂತೆಯೇ ಎಲ್ಲವನ್ನೂ ಹೇಳಿದರು. ಅವನ ನಗು ಅಳಿಸಿಹೋಯಿತು.

"ಹಂಗಾರೆ ನಾನು ಸಾಯ್ತಿದ್ದಾಗ ನನ್ನ ಕೈ ಹಿಡಕಂಡು ನಾಟಕ ಆಡಿದ್ರಾ?"

ನಮ್ಮವರು "ಹೌದು" ಎಂದರು.

ಅವನು ಸೀರೆ ತೆಗೆದುಕೊಂಡ. ವ್ಯಾಪಾರಿಗೆ ಕೊಡುವ ಸೀರೆಗಳ ಗಂಟಿನ ಮೇಲೆ ಅದನ್ನಿಟ್ಟು ಮತ್ತೆ ಗುಂಡಿಗಿಳಿದ. ನಾವು ಹೊರಡಲು ತಿರುಗಿದಾಗ ಮೂಲೆಯಲ್ಲಿ ನೂಲು ಸುತ್ತುತ್ತಿದ್ದ ಮುದುಕಿ ಕೂಗಿದಳು. "ಎಲ್ಲಿಗ್ ಹೋಗ್ತೀರಿ? ಅವತ್ತು ಮಾಡ್ಲಿಲ್ಲ ಅಂತೀರಲ್ಲ, ಇವತ್ತು ಮಾಡ್ರಿ. ನನ್ನ ಮಗ ಇನ್ನೂ ಬದುಕ್ಬೇಕಲ್ಲ. ಬಾಯ್ಬಿಟ್ಟು ಮಾಡ್ರಿ, ನನ್ಗೂ ಕೇಳ್ಲಿ."

ನಮ್ಮವರು ಅಲ್ಲೇ ಮೊಣಕಾಲೂರಿದರು. ಭಾನುವಾರದ ನಿರರ್ಗಳ ಮಾತುಗಳಲ್ಲಿ ಒಂದೂ ಬರಲಿಲ್ಲ. "ಅಪ್ಪಾ, ನಾನು ನಿನ್ನ ಬಿಟ್ಟು ದೂರ ಹೋಗಿದ್ದೆ," ಎಂದವರೇ ಅತ್ತುಬಿಟ್ಟರು. ತಡೆತಡೆದು ಆ ಮನೆಗಾಗಿ, ಅವನ ಕೈಗಾಗಿ, ಅವನ ಮಗ್ಗಕ್ಕಾಗಿ ಬೇಡಿದರು. ನಾನೂ ಪಕ್ಕದಲ್ಲಿ ಮೊಣಕಾಲೂರಿದ್ದೆ. ಮಗ್ಗದ ಸದ್ದು ನಿಂತಿತ್ತು. ಆದರೆ ಅವನು ತಲೆ ಎತ್ತಲಿಲ್ಲ, ಮುಂದೆಂದೂ ಉಪದೇಶ ಕೇಳಲೂ ಬರಲಿಲ್ಲ. ಅದು ಇವತ್ತಿಗೂ ನನ್ನನ್ನು ಚುಚ್ಚುತ್ತದೆ.

ಆ ವರ್ಷವೇ ಚಳ್ಳಕೆರೆಗೆ ಪ್ಲೇಗು ಬಂತು. ಜನ ಊರು ಖಾಲಿ ಮಾಡಿ ಹೊಲಗಳಲ್ಲಿ ಗುಡಿಸಲು ಹಾಕಿಕೊಂಡರು, ನಾವೂ ಹಾಕಿಕೊಂಡೆವು. ಒಂದು ಮಧ್ಯಾಹ್ನ ಕಂಬಳಿ ನೇಯುವವರ ಪೈಕಿಯ ಒಬ್ಬ ಹೆಂಗಸು ನಮ್ಮ ಗುಡಿಸಲಿನಿಂದ ದೂರದಲ್ಲೇ ನಿಂತು, "ನನ್ನ ಗಂಡಂಗೆ ಗಡ್ಡೆ ಎದ್ದೈತ್ರಿ. ಒಳಕ್ಕೆ ಯಾರೂ ಬರ್ತಿಲ್ಲ," ಎಂದಳು. ನಮ್ಮವರು ಉಣ್ಣುತ್ತಿದ್ದವರು ಕೈ ತೊಳೆದು ಎದ್ದರು. ನನಗೆ ಹೆದರಿಕೆಯಿತ್ತು. ಆದರೂ ಗಂಜಿಯ ತಂಬಿಗೆ ಹಿಡಿದು ಅವರ ಹಿಂದೆ ನಡೆದೆ. ಮೊಳಕಾಲ್ಮೂರಿನಿಂದ ಬಂದಾಗಿನಿಂದ ನಾವಿಬ್ಬರೂ ಬೆಳಗಿನ ಪ್ರಾರ್ಥನೆ ಬಿಟ್ಟಿರಲಿಲ್ಲ. ಹಾಗಾಗಿಯೇ ಕಾಲು ಮುಂದೆ ಹೋಯಿತೆಂದು ತೋರುತ್ತದೆ.

ನಮ್ಮವರು ರೋಗಿಯ ಬಾಯಿಗೆ ನೀರು ಬಿಟ್ಟರು, ಮೈ ಒರೆಸಿದರು, ಮನಸಾರೆ ಪ್ರಾರ್ಥಿಸಿದರು. ಸಂಜೆಯ ಹೊತ್ತಿಗೆ ಅವನು ಸತ್ತುಹೋದ. ಬರೀ ತುಟಿ ಆಡಿಸಿದಾಗ ಒಬ್ಬ ಉಳಿದಿದ್ದ, ಹೃದಯ ಬಿಚ್ಚಿ ಬೇಡಿದಾಗ ಇನ್ನೊಬ್ಬ ಹೋದ. ಇದರ ಲೆಕ್ಕ ನನಗೆ ಇಂದಿಗೂ ತಿಳಿದಿಲ್ಲ. ಆ ಹೆಂಗಸು ಮಾತ್ರ ನನ್ನ ಹೆಗಲಿಗೆ ತಲೆಯಿಟ್ಟು ಅಳುತ್ತಾ, "ಒಬ್ನೇ ಸಾಯ್ಲಿಲ್ಲ ಬಿಡವ್ವ," ಎಂದಳು.

ಗುಡಿಸಲಿಗೆ ಹಿಂದಿರುಗಿ, ಹೊರಗೇ ಸ್ನಾನ ಮುಗಿಸಿ ಕುಳಿತಾಗ ನಮ್ಮವರು, "ನಾನು ಮತ್ತೆ ಹಂಗೆ ಆಗೋದು ಕಂಡ್ರೆ ಸುಮ್ನಿರಬೇಡ ಕಣೇ. ಎಬ್ಬಿಸು," ಎಂದರು.

ಎಬ್ಬಿಸಿದೆ. ಎಷ್ಟೋ ಬೆಳಗು ಅವರೇ ನನ್ನನ್ನು ಎಬ್ಬಿಸಬೇಕಾಯಿತು.