ಒಂಬತ್ತು ಸಲ ಗೇಟಿನವರೆಗೆ

ನನ್ನ ಗಂಡ ಮಾಸ್ತಪ್ಪ ಮರುಭೂಮಿಗೆ ಒಂಬತ್ತು ಸಲ ಹೋದರು. ಒಂಬತ್ತನೆಯ ಸಲ ಅಲ್ಲೇ ಸತ್ತರು. ಒಂದು ಸಲವೂ ಅಲ್ಲಿನ ರಾಷ್ಟ್ರೀಯ ಉದ್ಯಾನದ ಗೇಟು ದಾಟಿ ಒಳಗೆ ಹೋಗಲಿಲ್ಲ.

ಅವರು ಸಾಗರದ ಒಂದು ಟೂರ್ ಬಸ್ಸಿನ ಅಡುಗೆಯವರು. ವರ್ಷಕ್ಕೊಮ್ಮೆ ಅಡಿಕೆ ಕೊಯ್ಲು ಮುಗಿದ ಮೇಲೆ ಬಸ್ಸು ಗುಜರಾತು, ರಾಜಸ್ಥಾನದ ಕಡೆ ಹೊರಡುತ್ತದೆ. ಹದಿನೆಂಟು ದಿನ. ಮೊದಲು ಕೃಷ್ಣಮೃಗದ ಪಾರ್ಕು, ಆಮೇಲೆ ಕಾಡುಕತ್ತೆಯ ಉಪ್ಪಿನ ಬಯಲು, ಆಮೇಲೆ ಜೈಸಲ್ಮೇರಿನ ಹತ್ತಿರದ ಮರುಭೂಮಿ ಉದ್ಯಾನ. ನಮ್ಮ ಕಡೆಯವರು ಎಷ್ಟು ದೂರ ಬೇಕಾದರೂ ಹೋಗುತ್ತಾರೆ. ಆದರೆ ಮಧ್ಯಾಹ್ನ ಒಂದು ಗಂಟೆಗೆ ಬಿಸಿ ಅನ್ನ, ಮುರುಗಲ ಸಿಪ್ಪೆ ಸಾರು ಬೇಕು. ರೊಟ್ಟಿ ಕೊಟ್ಟರೆ ಮುಖ ಸಣ್ಣ ಮಾಡುತ್ತಾರೆ. ಅದಕ್ಕೇ ಬಸ್ಸಿನ ಡಿಕ್ಕಿಯಲ್ಲಿ ಗ್ಯಾಸು, ಅಕ್ಕಿ, ಪಾತ್ರೆ. ಜನ ಜೀಪು ಹತ್ತಿ ಒಳಗೆ ಹೋಗಿ ಬರುವಷ್ಟರಲ್ಲಿ ಅಡುಗೆ ಆಗಿರಬೇಕು. ಅಡುಗೆಯವರು ಹೊರಗೆ.

ಮೊದಲ ವರ್ಷ ಅವರು ಮನೆಯಲ್ಲಿ ತೊಳೆಯುವ ಹಾಗೆ ಅಕ್ಕಿಯನ್ನು ಮೂರು ನೀರಲ್ಲಿ ತೊಳೆದರು. ಕ್ಯಾನಿನ ನೀರೆಲ್ಲ ಖಾಲಿ. ಮುಂದಿನ ಊರಿನವರೆಗೆ ಬಸ್ಸಿನಲ್ಲಿ ಕುಡಿಯುವ ನೀರಿಲ್ಲ. ಎಲ್ಲರೂ ಬೈದರಂತೆ. ಇವರು ಊರಿಗೆ ಬಂದು ನನಗೆ ಬೈದರು.

"ಎಷ್ಟು ನೀರು ಚೆಲ್ತೀಯೆ ಗುತ್ಯಮ್ಮ! ಅಲ್ಲಿ ಹೋಗಿ ನೋಡು ಒಂದ್ಸಲ."

ನಮ್ಮದು ಹೊಳೆಬಾಗಿಲಿನ ಹತ್ತಿರದ ಮನೆ. ಕಣ್ಣು ಬಿಟ್ಟರೆ ಅಣೆಕಟ್ಟಿನ ಹಿನ್ನೀರು.

"ನಮ್ಮಜ್ಜನ ಗದ್ದೆ ಮೇಲೆ ನಿಂತಿರೋ ನೀರು ಅದು. ಚೆಲ್ತೀನಿ," ಅಂದೆ.

ಟೂರಿನಿಂದ ಬಂದರೆ ಒಂದು ವಾರ ಕಥೆ. ನಾನು ಹಾಲು ಕರೆಯುವಾಗ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಹೇಳುತ್ತಿದ್ದರು. ಮರಳಿನ ಮೇಲೆ ಅಡ್ಡಡ್ಡ ಹರಿಯುವ ಹಾವು. ವಾರಗಟ್ಟಲೆ ನೀರಿಲ್ಲದೆ ಇರುವ ಜಿಂಕೆ. ಸೊಂಟದೆತ್ತರದ ಒಂದು ಹಕ್ಕಿ.

"ಅದು ನಡೆಯೋದು ನೋಡ್ಬೇಕು ಕಣೆ. ಮದುಮಗನ ಅಪ್ಪ ಚಪ್ಪರದೊಳಗೆ ನಡೆದ ಹಾಗೆ."

ಹೋದ ವರ್ಷ ಫೆಬ್ರವರಿಯಲ್ಲಿ ಫೋನು ಬಂತು. ಟೂರಿನ ಮ್ಯಾನೇಜರ್ ಗೌತಮ್ ಮಾಡಿದ್ದ. ಮರುಭೂಮಿ ಉದ್ಯಾನದ ಗೇಟಿನ ಹತ್ತಿರ ಅಡುಗೆ ಮಾಡುವಾಗ ಎದೆಬಡಿತ ನಿಂತಿತಂತೆ. ಜನ ಒಳಗಿದ್ದರು. ವಾಪಸ್ ಬಂದವರಿಗೆ ಮೊದಲು ಅನ್ನ ಸೀದ ವಾಸನೆ ಬಂತು. "ಎಲ್ಲಿ ಹಾಳಾಗಿ ಹೋದ ಇವ" ಅಂತ ಬೈಯುತ್ತಲೇ ಬಂದರಂತೆ. ಇವರು ಸಿಲಿಂಡರಿನ ಹಿಂದೆ ಬಿದ್ದಿದ್ದರು.

ಅಷ್ಟು ದೂರದಿಂದ ಹೆಣ ತರಲು ಆಗುವುದಿಲ್ಲ ಅಂದರು. ಅಲ್ಲೇ ಸುಟ್ಟರು. ಬಸ್ಸಿನ ಡ್ರೈವರ್ ನಾಗೇಂದ್ರ ಕೊಳ್ಳಿ ಇಟ್ಟ. ಟೂರು ನಿಲ್ಲಲಿಲ್ಲ. ಇನ್ನೂ ಆರು ದಿನ ಇತ್ತು, ಮುಗಿಸಿಕೊಂಡೇ ಬಂದರು. ಬೂದಿಯ ಮಡಕೆ ಡಿಕ್ಕಿಯಲ್ಲಿ ಪಾತ್ರೆಗಳ ಜೊತೆ ಬಂತು. ವರದಮೂಲಕ್ಕೆ ಒಯ್ದು ನೀರಿಗೆ ಬಿಟ್ಟೆವು.

ಮಡಕೆ ತಂದುಕೊಟ್ಟವನು ನಾಗೇಂದ್ರನೇ. ಹೊಸನಗರದವನು. ನಾನು ಕೇಳಿದೆ.

"ಎಲ್ಲರೂ ಒಳಗೆ ಹೋಗಿದ್ರಲ್ಲ. ಇವ್ರು ಯಾಕೆ ಅವತ್ತು ಹೋಗ್ಲಿಲ್ಲ?"

"ಅವ್ರು ಯಾವತ್ತು ಹೋಗಿದಾರೆ ಅಕ್ಕ? ಅಡುಗೆಯೋರಿಗೆ ಟಿಕೆಟ್ ಎಲ್ಲಿದೆ? ನಂಗೂ ಇಲ್ಲ."

"ಹಕ್ಕಿ ನೋಡ್ದೆ ಅಂತಿದ್ರು."

ಅವನು ನೆಲ ನೋಡಿದ. "ಊಟ ಬಡಿಸ್ತಾ ಎಲ್ರನ್ನೂ ಕೇಳೋರು. ಏನೇನು ಕಂಡ್ರಿ ಅಂತ. ಚಂದ ಮಾಡಿ ಹೇಳಿದೋರಿಗೆ ಇನ್ನೊಂದು ಹಪ್ಪಳ."

ಸತ್ತವರ ಮೇಲೆ ಸಿಟ್ಟು ಮಾಡಬಾರದು ಅನ್ನುತ್ತಾರೆ. ನಾನು ಮಾಡಿದೆ. ಸುಳ್ಳುಗಾರ ಅಂದೆ. ಅವರ ಅಂಗಿ ಒಗೆಯುವ ಕಲ್ಲಿಗೆ ಬಡಿದೆ. ಆಮೇಲೆ ಸಿಟ್ಟು ಬೇರೆ ಕಡೆ ತಿರುಗಿತು. ಒಂಬತ್ತು ವರ್ಷ ಊಟ ಹಾಕಿದ ಮನುಷ್ಯನನ್ನು ಒಬ್ಬರಾದರೂ "ನೀನೂ ಬಾರೋ" ಅನ್ನಲಿಲ್ಲವಲ್ಲ.

ಈ ವರ್ಷ ನಾನೇ ಸಾಗರದ ಆಫೀಸಿಗೆ ಹೋಗಿ ಅಡುಗೆಗೆ ಬರುತ್ತೇನೆ ಅಂದೆ. ಅವರ ಸಾರಿನ ಪುಡಿ ಹುರಿಯುತ್ತಿದ್ದವಳು ನಾನು. ಗೌತಮನಿಗೆ ಬೇರೆ ಯಾರೂ ಸಿಕ್ಕಿರಲಿಲ್ಲ. ಹೂಂ ಅಂದ. ಒಳಗೆ ಹೋಗಬೇಕು ಅಂತಲೇ ಬರುತ್ತಿದ್ದೇನೆ ಎಂದು ನಾನು ಹೇಳಲಿಲ್ಲ.

ಕೃಷ್ಣಮೃಗದ ಪಾರ್ಕಿನಲ್ಲಿ, ನಾನೂ ಒಳಗೆ ಬರಲಾ ಅಂತ ಗೌತಮನನ್ನು ಕೇಳಿದೆ. "ಮುಂದಿನ ಜಾಗದಲ್ಲಿ ನೋಡಾಣ ಅಮ್ಮ," ಅಂದ. ಕಾಡುಕತ್ತೆಯ ಬಯಲಿನಲ್ಲಿ ಕೇಳಿದೆ. "ಒಳಗೆ ಬರೀ ಉಪ್ಪು ಅಮ್ಮ, ನೋಡೋಕೆ ಎಂತ ಇದೆ?" ಅಂದ. ಹಾಗಿದ್ದರೆ ಇಪ್ಪತ್ತೆಂಟು ಜನ ಏನು ನೋಡಲು ಬಂದರು? ಎರಡೂ ಕಡೆ ಹಲ್ಲು ಕಚ್ಚಿಕೊಂಡು ಬೇಯಿಸಿದೆ.

ಜೈಸಲ್ಮೇರಿನ ಗೇಟಿನಲ್ಲಿ ಕೇಳಲಿಲ್ಲ. ಸಾಲಾಗಿ ಐದು ಜೀಪು ನಿಂತಿದ್ದವು. ಒಂದೊಂದರಲ್ಲಿ ಆರು ಸೀಟು. ಕೊನೆಯದರಲ್ಲಿ ನಾಲ್ಕೇ ಜನ. ಅಕ್ಕಿಯ ಮೂಟೆ ಬಿಚ್ಚಲಿಲ್ಲ. ಹೋಗಿ ಟಿಕೆಟು ತೆಗೆದುಕೊಂಡೆ, ಆ ಜೀಪು ಹತ್ತಿ ಕೂತೆ.

ಗೌತಮ್ ಓಡಿ ಬಂದ. "ಅಮ್ಮ, ಇಳೀರಿ. ಅಡುಗೆ ಯಾರು ಮಾಡ್ತಾರೆ?"

"ಬಂದು ಮಾಡ್ತೀನಿ."

"ಜನ ಹಸ್ಕೊಂಡಿರ್ತಾರೆ."

"ಇರ್ಲಿ. ಇಲ್ಲಿ ಸತ್ತೋರು ಹಸಿವಿಂದ ಸತ್ತಿಲ್ಲ."

ಪಕ್ಕದಲ್ಲಿ ತೀರ್ಥಹಳ್ಳಿಯ ವಿನಯಾ ಟೀಚರ್ ಕೂತಿದ್ದರು. ರಿಟೈರಾದವರು, ನಾಲ್ಕು ಸಲ ಈ ಟೂರಿಗೆ ಬಂದವರು. "ಸೀಟು ಖಾಲಿ ಇದ್ಯಲ್ಲೋ ಗೌತಮ, ಬರ್ಲಿ ಬಿಡು," ಅಂದರು. ಆಮೇಲೆ ನನ್ನ ಕಡೆ ತಿರುಗಿ, "ಬೆಳಿಗ್ಗೆನೇ ಅನ್ನ ಮಾಡಿಟ್ಟು ಬರ್ಬಹುದಿತ್ತಲ್ಲ ಗುತ್ಯಮ್ಮ," ಅಂದರು.

ಅವರು ಒಳ್ಳೆಯವರೇ. ಜೀಪು ಹೊರಟಿತು.

ಒಳಗೆ ಏನಿತ್ತು? ಒಣಹುಲ್ಲು, ಮುಳ್ಳುಕಂಟಿ, ತಂತಿಬೇಲಿ. ದೂರದಲ್ಲಿ ನಾಲ್ಕು ಜಿಂಕೆ. ಗೈಡು ಬೈನಾಕ್ಯುಲರ್ ಕೊಟ್ಟ, ಅದರಲ್ಲೂ ಹುಲ್ಲೇ ಕಂಡಿತು. ದೊಡ್ಡ ಹಕ್ಕಿ ಬರಲಿಲ್ಲ. ಒಂದೂವರೆ ಗಂಟೆ, ಅಷ್ಟೇ. ನನಗೆ ಅಳು ಬರಲಿಲ್ಲ, ಮೈ ಉರಿಯಿತು. ನಮ್ಮನೆಯವರು ಹೇಳಿದ ಮರುಭೂಮಿ ಇದಕ್ಕಿಂತ ಎಷ್ಟೋ ಚೆನ್ನಾಗಿತ್ತು. ಇಷ್ಟು ಒಣಹುಲ್ಲು ತೋರಿಸಲು ಇವರಿಗೆ ಒಂಬತ್ತು ವರ್ಷ ಮನಸ್ಸು ಬರಲಿಲ್ಲ. ನಾನು ಹತ್ತಿದ ಮೇಲೂ ಆ ಜೀಪಿನಲ್ಲಿ ಒಂದು ಸೀಟು ಖಾಲಿಯೇ ಇತ್ತು.

ಹೊರಗೆ ಬಂದು ಒಲೆ ಹಚ್ಚಿದೆ. ಅನ್ನ ಆಗುವಾಗ ಮೂರು ಗಂಟೆ. ಜನ ತಟ್ಟೆ ಹಿಡಿದು ಸಾಲು ನಿಂತರು. ನಾನು ಮುಚ್ಚಳ ತೆಗೆಯಲಿಲ್ಲ.

"ಗೌತಮ, ಇಲ್ಲಿ ಬಾ. ಇನ್ಮೇಲೆ ಯಾರೇ ಅಡುಗೆಗೆ ಬರ್ಲಿ, ಡ್ರೈವರ್ ಬರ್ಲಿ, ಜೀಪಲ್ಲಿ ಅವ್ರಿಗೂ ಸೀಟು. ಅಡುಗೆ ತಡ ಆದ್ರೆ ಆಗ್ಲಿ. ಇವ್ರೆಲ್ಲರ ಎದ್ರಿಗೆ ಹೇಳು."

"ಸಾಗರಕ್ಕೆ ಹೋಗಿ ಓನರ್ ಹತ್ರ ಮಾತಾಡಾಣ ಅಮ್ಮ."

"ಸಾಗರದಲ್ಲಿ ಅನ್ನ ಬಡಿಸ್ತೀನಿ ಹಾಗಾದ್ರೆ."

ಹಿಂದಿನಿಂದ ಒಬ್ಬರು, "ಇದೆಂತ ಹೆಂಗಸು ಮಾರಾಯ್ರೇ," ಅಂದರು. ಬಸ್ಸಿಗೆ ಒರಗಿ ನಿಂತಿದ್ದ ನಾಗೇಂದ್ರ ಬಂದು ಪಾತ್ರೆಯ ಪಕ್ಕದ ಸೌಟು ಎತ್ತಿಕೊಂಡ. ನನ್ನ ಕೈಗೆ ಕೊಡಲಿಲ್ಲ, ತನ್ನ ಕೈಯಲ್ಲೇ ಹಿಡಿದುಕೊಂಡ.

ಕಾಲು ಗಂಟೆ ಕಳೆಯಿತು.

"ಹೂಂ ಅನ್ನೋ ಮಾರಾಯ," ಅಂದರು ವಿನಯಾ ಟೀಚರ್. "ಮಾತ್ರೆ ತಗೊಳ್ಳೋದಿದೆ ನಂಗೆ."

"ಹೌದು, ಕೊಟ್ಬಿಡು," ಅಂದರು ಇನ್ನೊಬ್ಬರು. "ಒಂದು ಸೀಟು ತಾನೆ."

ಒಂದು ಸೀಟು ತಾನೆ!

ಗೌತಮ್ ಹೂಂ ಅಂದ. ಗಟ್ಟಿಯಾಗಿ ಹೇಳು ಅಂದೆ. ಗಟ್ಟಿಯಾಗಿ ಹೇಳಿದ. ನಮ್ಮನೆಯವರನ್ನು ನೆನೆದು ಒಬ್ಬರೂ ಅವನಿಂದ ಈ ಮಾತು ಆಡಿಸಲಿಲ್ಲ, ಹಸಿವು ಆಡಿಸಿತು. ಆಡಿಸಲಿ. ನನಗೆ ಬೇಕಾದದ್ದು ಮಾತು.

ನಾಗೇಂದ್ರ ಸೌಟು ಕೊಟ್ಟ. ಬಡಿಸಿದೆ. ಗೌತಮನಿಗೆ ಎಲ್ಲರಿಗಿಂತ ಕೊನೆಗೆ.